ಸೀಟಿನ ಹಿಂದಿನ ಟ್ಯಾಂಕು

ಅಮೆರಿಕದ ಹಳೇ ಗಾಡಿಗಳನ್ನು ಮಾಡಿದವರ ತಲೆಯಲ್ಲಿ ಏನಿತ್ತೋ ಎಂದು ಮೊಯ್ದು ಇಪ್ಪತ್ತೆರಡು ವರ್ಷಗಳಿಂದ ಆಶ್ಚರ್ಯಪಡುತ್ತಲೇ ಬಂದಿದ್ದ. ಪೆಟ್ರೋಲ್ ತುಂಬಿಸುವ ಬಾಯಿಯನ್ನು ಒಬ್ಬ ಪುಣ್ಯಾತ್ಮ ಹಿಂದಿನ ನಂಬರ್ ಪ್ಲೇಟಿನ ಹಿಂದೆ ಬಚ್ಚಿಟ್ಟಿದ್ದ. ಸ್ಪ್ರಿಂಗ್ ಇರುವ ಆ ಪ್ಲೇಟನ್ನು ಒಂದು ಕೈಯಲ್ಲಿ ಮಗುಚಿ ಹಿಡಿದು ಇನ್ನೊಂದು ಕೈಯಲ್ಲಿ ಪೆಟ್ರೋಲ್ ಹಾಕಬೇಕು, ಕೈ ತಪ್ಪಿದರೆ ಬೆರಳು ಜಜ್ಜಿಹೋಗುತ್ತದೆ. ಇನ್ನೊಬ್ಬ ಮಹಾನುಭಾವ ಅದನ್ನು ಹಿಂದಿನ ಕೆಂಪು ದೀಪದೊಳಗೆ ಅಡಗಿಸಿದ್ದ. ಬಂಕಿಗೆ ಹೊಸದಾಗಿ ಸೇರಿದವರು ಅಂಥ ಗಾಡಿಯನ್ನು ಮೂರು ಸುತ್ತು ಸುತ್ತಿ, ಕೊನೆಗೆ ಬಾನೆಟ್ ಎತ್ತಿ ನೋಡಿದ್ದೂ ಉಂಟು. ಮತ್ತೊಂದು ಕಂಪನಿಯವರಂತೂ ಡಿಕ್ಕಿಗೆ ಬೇರೆ ತಳ ಯಾಕೆ ಎಂದು ಟ್ಯಾಂಕಿನ ಬೆನ್ನನ್ನೇ ತಳ ಮಾಡಿಬಿಟ್ಟಿದ್ದರು. ಹಿಂದಿನ ಸೀಟಿನಲ್ಲಿ ಕೂತವರಿಗೂ ಅಷ್ಟೂ ಪೆಟ್ರೋಲಿಗೂ ನಡುವೆ ಇದ್ದದ್ದು ಒಂದು ರಟ್ಟು.

ಇವೆಲ್ಲವನ್ನೂ ಮೊಯ್ದು ಕ್ಷಮಿಸಿದ್ದ. ಕ್ಷಮಿಸಲಾಗದೆ ಉಳಿದದ್ದು ಎಪ್ಪತ್ತನೇ ಇಸವಿಯ ಆಸುಪಾಸಿನ ಒಂದು ಜಾತಿಯ ಪಿಕಪ್ ಗಾಡಿ. ಅದರ ಟ್ಯಾಂಕು ಇರುವುದು ಕ್ಯಾಬಿನ್ನಿನ ಒಳಗೆ, ಡ್ರೈವರನ ಬೆನ್ನ ಹಿಂದೆ. ಸಾಮಾನು ಹೊರಲು ಹಿಂದೆ ಅಷ್ಟುದ್ದದ ತೊಟ್ಟಿ ಇದೆ, ಅದರ ಕೆಳಗೆ ಹಾಸಿಗೆ ಬಿಡಿಸುವಷ್ಟು ಜಾಗ ಇದೆ. ಅದೆಲ್ಲ ಬಿಟ್ಟು ಎಪ್ಪತ್ತೈದು ಲೀಟರ್ ಪೆಟ್ರೋಲನ್ನು ಮನುಷ್ಯನ ಸೊಂಟಕ್ಕೆ ಒರಗಿಸಿ ಇಟ್ಟಿದ್ದಾರೆ. ಬ್ರೇಕ್ ಹಾಕಿದರೆ ಹಿಂದೆ ಯಾರೋ ಬಾಯಿ ಮುಕ್ಕಳಿಸಿದ ಹಾಗೆ ಸದ್ದು ಕೇಳುತ್ತದೆ. ಇಂಥದ್ದನ್ನು ಮಾಡಿದವನು ತನ್ನ ಹೆಂಡತಿ ಮಕ್ಕಳನ್ನು ಅದರಲ್ಲಿ ಕೂರಿಸಿದ್ದನೋ ಇಲ್ಲವೋ, ಅಲ್ಲಾಹನಿಗೇ ಗೊತ್ತು.

ಅರಬರ ನಾಡಿನ ಉನೈಜಾದ ಸನಾಯದಲ್ಲಿ, ಎಂದರೆ ಊರ ಹೊರಗಿನ ಗ್ಯಾರೇಜುಗಳ ಪೇಟೆಯಲ್ಲಿ, ವಿಟ್ಲದ ಮೊಯ್ದು ಎಂದರೆ ಹೆಸರುವಾಸಿ. ಮುಹಂದಿಸ್ ಮೊಯ್ದು ಎಂದೇ ಕರೆಯುತ್ತಿದ್ದರು. ಮುಹಂದಿಸ್ ಎಂದರೆ ಇಂಜಿನಿಯರ್. ಅಲ್ಲಿ ಸ್ಪ್ಯಾನರ್ ಹಿಡಿದವರಿಗೆಲ್ಲ ಆ ಪದವಿ ಪುಕ್ಕಟೆ ಸಿಗುತ್ತದೆ. ಆದರೆ ಮೊಯ್ದುವಿನ ಹೆಸರು ನಿಂತದ್ದು ಸ್ಪ್ಯಾನರಿನ ಮೇಲಲ್ಲ, ಮೂಗಿನ ಮೇಲೆ. ಹಳೇ ಗಾಡಿ ಸ್ಟಾರ್ಟ್ ಮಾಡಿ ಒಂದು ಸಲ ಗಾಳಿ ಎಳೆದುಕೊಂಡರೆ ಪೆಟ್ರೋಲ್ ಎಲ್ಲಿ ಜಿನುಗುತ್ತಿದೆ ಎಂದು ಬೆರಳಿಟ್ಟು ತೋರಿಸುತ್ತಿದ್ದ. ಕೆಲಸ ಮುಗಿಸಿದ ಮೇಲೆ ಅವನದೇ ಒಂದು ಪರೀಕ್ಷೆ ಇತ್ತು. ಒಗೆದು ಒಣಗಿಸಿದ, ಮೈ ಒರೆಸುವ ಬಿಳಿ ಬೈರಾಸೊಂದನ್ನು ಟ್ಯಾಂಕಿನ ಮೇಲೆ ಹೊದಿಸಿ, ಕಿಟಕಿ ಬಾಗಿಲು ಹಾಕಿ, ಒಂದು ರಾತ್ರಿ ಹಾಗೇ ಬಿಡುವುದು. ಮಾರನೆ ದಿನ ಗಾಡಿಯ ಯಜಮಾನನ ಎದುರೇ ಬೈರಾಸು ಹೊರಗೆಳೆದು, ಮುಖಕ್ಕೆ ಒತ್ತಿ, ಕಣ್ಣು ಮುಚ್ಚಿ ನಿಲ್ಲುವುದು. ಆ ಗಳಿಗೆಯಲ್ಲಿ ಯಜಮಾನರು ಪರೀಕ್ಷೆಯ ಫಲಿತಾಂಶಕ್ಕೆ ಕಾದವರ ಹಾಗೆ ಕಾಯುತ್ತಿದ್ದರು. ಮೊಯ್ದು ಕಣ್ಣು ತೆರೆದು "ನಜೀಫ್, ಶುದ್ಧ" ಎಂದರೆ ಮುಗಿಯಿತು, ಆಮೇಲೆ ಯಾರೂ ಸಂಶಯ ಪಡುತ್ತಿರಲಿಲ್ಲ.

ಆ ಮೂಗು ಸತ್ತು ಮೂರು ವರ್ಷವಾಗಿತ್ತು.

ಕೊರೊನಾ ಬಂದು ಹತ್ತು ದಿನ ಮಲಗಿ ಎದ್ದಾಗ ಚಹಾಕ್ಕೆ ಪರಿಮಳ ಇರಲಿಲ್ಲ. ಎಲ್ಲರಿಗೂ ಹೋಗಿತ್ತು, ಎಲ್ಲರಿಗೂ ವಾಪಸು ಬಂತು. ಮೊಯ್ದುವಿಗೆ ಬರಲಿಲ್ಲ. ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಅವನು ದಿನಾ ಬೆಳಿಗ್ಗೆ ಪೆಟ್ರೋಲ್ ಡಬ್ಬಿಯ ಮುಚ್ಚಳ ತೆಗೆದು ಮೂಸಿ ನೋಡುತ್ತಿದ್ದ. ನೀರಿನ ಡಬ್ಬಿ ಮೂಸಿದ ಹಾಗೇ ಇರುತ್ತಿತ್ತು. ಆರು ತಿಂಗಳ ಮೇಲೆ ಆ ಅಭ್ಯಾಸವನ್ನೂ ಬಿಟ್ಟ. ಯಾರಿಗೂ ಹೇಳಲಿಲ್ಲ.

ಹೇಳದೆ ಕೆಲಸ ಹೇಗೆ ನಡೆಯಿತು ಎಂದರೆ, ಅದಕ್ಕೂ ಅವನೊಂದು ಉಪಾಯ ಕಂಡುಕೊಂಡಿದ್ದ. ಪಕ್ಕದ ಅಂಗಡಿಯಲ್ಲಿ ಗಾಡಿಗಳ ಸೀಟು ಹೊಲಿಯುವ ಅಫ್ರೀದ್ ಇದ್ದ, ಕಾಪುವಿನವನು, ಮೂವತ್ತರ ಆಸುಪಾಸು. ಇಬ್ಬರೂ ಇದ್ದದ್ದು ಒಂದೇ ರೂಮಿನಲ್ಲಿ. ಅಫ್ರೀದನ ಮುಖ ಹೇಗೆಂದರೆ ಹೊಟ್ಟೆಯೊಳಗೆ ನಡೆಯುವುದೆಲ್ಲ ಹಣೆಯ ಮೇಲೆ ಬರುತ್ತಿತ್ತು. ಬೈರಾಸು ತೆಗೆಯುವ ಮೊದಲು ಮೊಯ್ದು ಅವನನ್ನು ಕರೆದು, "ಈ ಸೀಟಿನ ಹೊಲಿಗೆ ಸ್ವಲ್ಪ ನೋಡು ಮಾರಾಯ" ಎಂದು ಗಾಡಿಯೊಳಗೆ ಕೂರಿಸುತ್ತಿದ್ದ. ಅಫ್ರೀದ್ ಮುಖ ಸಿಂಡರಿಸಿದರೆ ಮೊಯ್ದು ಮತ್ತೆ ಟ್ಯಾಂಕು ಬಿಚ್ಚುತ್ತಿದ್ದ. ಸಿಂಡರಿಸದಿದ್ದರೆ ಬೈರಾಸು. ತಾನು ಯಾರ ಮೂಗು ಆಗಿದ್ದೇನೆಂದು ಆ ಪಾಪದವನಿಗೆ ಗೊತ್ತೇ ಇರಲಿಲ್ಲ.

ಗೊತ್ತಾದದ್ದು ಹೆಂಡತಿ ಜೈನಬಾಳಿಗೆ ಮಾತ್ರ. ಹೋದ ಸಲ ರಜೆಯಲ್ಲಿ ಊರಿಗೆ ಹೋಗಿದ್ದಾಗ ಹಾಲು ಉಕ್ಕಿ ಸ್ಟವ್ ಆರಿ, ಗ್ಯಾಸು ಮನೆಯೆಲ್ಲ ತುಂಬಿತ್ತು. ಮೊಯ್ದು ಪಕ್ಕದ ಕೋಣೆಯಲ್ಲಿ ಫೋನು ನೋಡುತ್ತ ಕೂತಿದ್ದ. ಬಟ್ಟೆ ಒಣಹಾಕಿ ಒಳಗೆ ಬಂದ ಜೈನಬಾ ಓಡಿಹೋಗಿ ಸಿಲಿಂಡರ್ ಬಂದ್ ಮಾಡಿ, ಕಿಟಕಿಗಳನ್ನೆಲ್ಲ ತೆರೆದು, ಆಮೇಲೆ ಬಂದು ಅವನ ಎದುರು ನಿಂತಳು.

"ನಿಮಗೆ ವಾಸನೆ ಬರುದಿಲ್ಲ, ಅಲ್ವಾ?"

ಅವನು ಫೋನು ಕೆಳಗಿಟ್ಟ.

"ಅಲ್ಲಿ ಹೇಳಿದ್ದೀರಾ?"

"ಹೇಳಿದ್ರೆ ನಾಳೆಯಿಂದ ನಾನು ಯಾರು ಜೈನಬಾ? ಸನಾಯದಲ್ಲಿ ಮೆಕ್ಯಾನಿಕ್‌ಗಳು ಇನ್ನೂರು ಜನ ಇದ್ದಾರೆ. ಮೂಗು ಇದ್ದದ್ದು ನನಗೊಬ್ಬನಿಗೆ."

"ನಿಮ್ಮನ್ನು ನಂಬಿ ಜನ ಮಕ್ಕಳನ್ನು ಕೂರಿಸ್ತಾರೆ. ಹೇಳಿಬಿಡಿ. ಇಲ್ಲದಿದ್ರೆ ಆ ಕೆಲಸ ಬಿಟ್ಟು ಬೇರೆ ಎಂತಾದ್ರೂ ಮಾಡಿ."

ನೋಡುವ ಎಂದು ಅವನು ಮಾತು ತೇಲಿಸಿದ. ಆ ಮೇಲೆ ಫೋನಿನಲ್ಲಿ ಜೈನಬಾ ಕೇಳಿದಾಗಲೆಲ್ಲ ತೇಲಿಸುತ್ತಲೇ ಬಂದ.

ಫಹದ್ ಬಂದದ್ದು ಆ ರಜೆ ಮುಗಿದ ಮೇಲೆ. ಶಾಲೆಯಲ್ಲಿ ಭೂಗೋಳ ಕಲಿಸುವ ಮನುಷ್ಯ, ನಲವತ್ತು ದಾಟಿಲ್ಲ, ಮೆಲು ಮಾತು. ತೀರಿಹೋದ ತಂದೆಯ ಪಿಕಪ್ಪನ್ನು ಖರ್ಜೂರದ ತೋಟದಲ್ಲಿ ಟಾರ್ಪಾಲು ಹೊದಿಸಿ ಇಟ್ಟಿದ್ದ. ಅದನ್ನು ಲಾರಿಯ ಮೇಲೆ ಹೇರಿಕೊಂಡು ತಂದ. ಅದೇ, ಸೀಟಿನ ಹಿಂದೆ ಟ್ಯಾಂಕು ಇರುವ ಗಾಡಿ.

"ಎಲ್ಲ ವಕಾಲಾ ಬೇಕು, ಮುಹಂದಿಸ್" ಎಂದ. ವಕಾಲಾ ಎಂದರೆ ಕಂಪನಿಯಿಂದ ಹೊರಬಿದ್ದಾಗ ಹೇಗಿತ್ತೋ ಹಾಗೆ, ಒಂದು ಸ್ಕ್ರೂ ಕೂಡ ಬದಲಾಗಬಾರದು. ಅಲ್ಲಿಯ ಹಳೇ ಗಾಡಿಯ ಹುಚ್ಚರಿಗೆಲ್ಲ ಆ ಒಂದು ಮಾತು ವೇದವಾಕ್ಯ.

"ಉಸ್ತಾದ್, ಟ್ಯಾಂಕು ಮಾತ್ರ ಹಿಂದೆ ತೊಟ್ಟಿಯ ಕೆಳಗೆ ಹಾಕುವ. ಬಹಳ ಜನ ಹಾಗೇ ಮಾಡಿಸುತ್ತಾರೆ. ಇದು ಹುಚ್ಚು ಕೆಲಸ."

"ನನ್ನ ತಂದೆ ಮೂವತ್ತು ವರ್ಷ ಈ ಟ್ಯಾಂಕಿಗೆ ಒರಗಿ ಗಾಡಿ ಓಡಿಸಿದ್ದಾರೆ. ನಾನು ಅವರ ಪಕ್ಕ ಕೂತು ಬೆಳೆದವನು. ಅದು ಅಲ್ಲೇ ಇರಲಿ."

ಅಷ್ಟರ ಮೇಲೆ ಏನು ಹೇಳುವುದು. ಮೂರು ತಿಂಗಳು ಮೊಯ್ದು ಆ ಗಾಡಿಗೆ ಜೀವ ತೇದ. ಟ್ಯಾಂಕು ಬಿಚ್ಚಿ ತುಕ್ಕು ತೆಗೆದ, ಪೈಪುಗಳನ್ನು ಬದಲಿಸಿದ, ಕಾರ್ಬೊರೇಟರನ್ನು ಬಿಡಿಬಿಡಿಯಾಗಿ ಕಳಚಿ ತೊಳೆದ. ಕೊನೆಗೆ ಉಳಿದದ್ದು ಒಂದು ಬಿಲ್ಲೆ. ಪೆಟ್ರೋಲ್ ಎಷ್ಟಿದೆ ಎಂದು ತೋರಿಸುವ ಸಲಾಕೆಯನ್ನು ಟ್ಯಾಂಕಿನ ಮೇಲ್ಭಾಗದಿಂದ ಒಳಗಿಳಿಸುತ್ತಾರೆ. ಆ ತೂತಿನ ಸುತ್ತ ಸೋರದ ಹಾಗೆ ಕೂರುವ, ಅಂಗೈಯಷ್ಟಗಲದ ಗ್ಯಾಸ್ಕೆಟ್ ಅದು. ಮೊಯ್ದುವಿನ ಡ್ರಾಯರಿನಲ್ಲಿ ಒಳ್ಳೇ ರಬ್ಬರಿನದ್ದು ಇತ್ತು. ಫಹದ್ ಮಾತ್ರ ಅಮೆರಿಕದಿಂದ ಒಂದು ಹಳದಿಗಟ್ಟಿದ ಪೆಟ್ಟಿಗೆ ತರಿಸಿದ್ದ. ಗಾಡಿ ಹುಟ್ಟಿದ ಕಾಲದ್ದೇ ಕಾರ್ಕಿನ ಗ್ಯಾಸ್ಕೆಟ್, ಐವತ್ತು ವರ್ಷ ಯಾವುದೋ ಗೋದಾಮಿನಲ್ಲಿ ಯಾರೂ ಮುಟ್ಟದೆ ಬಿದ್ದಿದ್ದದ್ದು.

ಮೊಯ್ದು ಅದನ್ನು ಬೆರಳಿನಿಂದ ಒತ್ತಿ ನೋಡಿದ. ಹಪ್ಪಳದ ಹಾಗೆ ಒಣಗಿತ್ತು. ಮೂಗು ಇದ್ದ ಕಾಲದಲ್ಲಾದರೆ ಜಗಳಾಡಿ ರಬ್ಬರಿನದ್ದನ್ನೇ ಹಾಕುತ್ತಿದ್ದ. ಆದರೆ ಪೆಟ್ರೋಲಿನ ವಾಸನೆಯ ಮಾತು ಬಂದರೆ ಸಾಕು, ಈಗೀಗ ಅವನು ಮಾತು ಬದಲಿಸುತ್ತಿದ್ದ. ಎಲ್ಲಿ ಮಾತು ಬೆಳೆದು ಎಲ್ಲಿಗೆ ಮುಟ್ಟುತ್ತದೋ ಎಂಬ ಹೆದರಿಕೆ. ಸುಮ್ಮನೆ ಕಾರ್ಕನ್ನೇ ಕೂರಿಸಿ ಬಿಗಿದ.

ಆ ಹೊತ್ತಿಗೆ ಅಫ್ರೀದ್ ತಂಗಿಯ ಮದುವೆಗೆಂದು ಊರಿಗೆ ಹೋಗಿದ್ದ. ಗುರುವಾರ ರಾತ್ರಿ ಬರುವವನಿದ್ದ. ಫಹದನಿಗೆ ಗಾಡಿ ಗುರುವಾರ ಸಂಜೆಗೇ ಬೇಕಿತ್ತು, ಯಾಕೆಂದರೆ ಶುಕ್ರವಾರ ಬೆಳಿಗ್ಗೆ ಊರಿನ ಹಳೇ ಗಾಡಿಗಳೆಲ್ಲ ಸಾಲಾಗಿ ಮರಳುಗುಡ್ಡದ ಕಡೆ ಹೊರಡುವ ಕಾರ್ಯಕ್ರಮ. ತಂದೆಯ ಗಾಡಿಯಲ್ಲಿ ಏಳು ವರ್ಷದ ಮಗಳು ದುಆಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋಗಬೇಕು ಎಂದು ಒಂದು ವರ್ಷದಿಂದ ಅವನು ಕನಸು ಕಟ್ಟಿದ್ದ. "ಒಂದು ದಿನ ನಿಲ್ಲಿ ಉಸ್ತಾದ್" ಎಂದರೆ ಸಾಕಿತ್ತು. ಮೊಯ್ದು ಎನ್ನಲಿಲ್ಲ. ಅರ್ಧ ಟ್ಯಾಂಕು ಪೆಟ್ರೋಲ್ ಹಾಕಿ, ಬೆಸುಗೆಗಳಿಗೆಲ್ಲ ಸಾಬೂನಿನ ನೊರೆ ಹಚ್ಚಿ ನೋಡಿದ. ಗುಳ್ಳೆ ಏಳಲಿಲ್ಲ. ಅಷ್ಟಕ್ಕೆ ತನ್ನನ್ನು ತಾನೇ ಸಮಾಧಾನ ಮಾಡಿಕೊಂಡ.

ಗುರುವಾರ ಸಂಜೆ ಫಹದನ ಎದುರು ಬೈರಾಸು ಹೊರಗೆಳೆದು ಮುಖಕ್ಕೆ ಒತ್ತಿಕೊಂಡ. ಕಣ್ಣು ಮುಚ್ಚಿದ. ಬಟ್ಟೆ ತಣ್ಣಗಿತ್ತು, ಅಷ್ಟೇ ಗೊತ್ತಾದದ್ದು.

"ನಜೀಫ್."

ಫಹದ್ ಅವನ ಹಣೆಗೆ ಮುತ್ತಿಟ್ಟ. ಕಣ್ಣು ತುಂಬಿಕೊಂಡು ಗಾಡಿ ಹತ್ತಿ ಹೋದ. ಮೊಯ್ದು ಬೈರಾಸನ್ನು ಮಡಚಿ ಪ್ಲಾಸ್ಟಿಕ್ ತೊಟ್ಟೆಗೆ ಹಾಕಿ ರೂಮಿಗೆ ಒಯ್ದ. ಆ ರಾತ್ರಿ ಊಟ ಸೇರಲಿಲ್ಲ, ಆದರೆ ಊಟ ಸೇರದೆ ಮೂರು ವರ್ಷವಾಗಿದ್ದರಿಂದ ಅದನ್ನು ಅವನು ಲೆಕ್ಕಕ್ಕೆ ಹಿಡಿಯಲಿಲ್ಲ.

ಶುಕ್ರವಾರ ಬೆಳಿಗ್ಗೆ ಅಫ್ರೀದ್ ಸ್ನಾನದ ಮನೆಯಿಂದ ಕೂಗಿದ, "ಕಾಕ, ನನ್ನ ಬೈರಾಸು ಪೆಟ್ಟಿಗೆಯಲ್ಲೇ ಉಂಟು. ಇಲ್ಲಿ ತೊಟ್ಟೆಯಲ್ಲಿ ಒಂದು ಚೊಕ್ಕ ಇದ್ದದ್ದು ತೆಗೀಲಾ?"

"ತೆಗಿ ತೆಗಿ" ಎಂದ ಮೊಯ್ದು ಚಹಾ ಸೋಸುತ್ತ.

ಒಂದು ಗಳಿಗೆ. ಆಮೇಲೆ ಉಗುಳಿದ ಸದ್ದು, ಕೆಮ್ಮು. ಅಫ್ರೀದ್ ಒದ್ದೆ ಮೈಯಲ್ಲೇ ಹೊರಗೆ ಬಂದ, ಬೈರಾಸನ್ನು ಎರಡು ಬೆರಳಲ್ಲಿ ದೂರ ಹಿಡಿದುಕೊಂಡು.

"ಥೂ, ಎಂತ ಕಾಕ ಇದು! ಪೆಟ್ರೋಲಿನಲ್ಲಿ ಅದ್ದಿ ಇಟ್ಟದ್ದಾ? ಕಣ್ಣು ಉರೀತಾ ಉಂಟು ಮಾರಾಯ್ರೆ. ಬಿಳಿ ಇದೆ ಅಂತ ಮೋಸ ಹೋದೆ."

ಮೊಯ್ದುವಿನ ಕೈಯಲ್ಲಿದ್ದ ಚಹಾದ ಸೋಸುಗ ಹಾಗೇ ನಿಂತಿತು. "ಸರಿ ನೋಡು. ಅದಾ? ಅದರಲ್ಲೇ ಬರುದಾ?"

"ನೀವೇ ಮೂಸಿ ನೋಡಿ! ಕಾಕ, ನಿಮಗೆ ಬರುದಿಲ್ವಾ? ಇಲ್ಲಿವರೆಗೆ ಹೊಡೀತಾ ಉಂಟಲ್ಲ."

ಅರ್ಧ ಟ್ಯಾಂಕಿಗೇ ಬೈರಾಸು ಹೀಗಾಗಿದೆ. ಸವಾರಿ ಹೊರಡುವವನು ಟ್ಯಾಂಕು ತುಂಬಿಸದೆ ಬಿಡುತ್ತಾನೆಯೇ? ತುಂಬಿದ ಟ್ಯಾಂಕಿನಲ್ಲಿ ಪೆಟ್ರೋಲ್ ಆ ಕಾರ್ಕಿನವರೆಗೆ ಬಂದು ಕೂರುತ್ತದೆ, ಗಾಡಿ ಕುಲುಕಿದ ಹಾಗೆಲ್ಲ ಜಿನುಗುತ್ತದೆ. ಕಿಟಕಿ ಮುಚ್ಚಿದ ಕ್ಯಾಬಿನ್ನು. ಒಳಗೆ ತಂದೆ, ಮಗಳು.

ಫೋನು ಮಾಡಿದ. ಎರಡನೇ ಸಲಕ್ಕೆ ಫಹದ್ ಎತ್ತಿದ. ಹಿಂದೆ ಜನರ ಗದ್ದಲ, ನಗು.

"ಉಸ್ತಾದ್, ಗಾಡಿ ತೆಗೆಯಬೇಡಿ. ಒಂದು, ಒಂದು ಬೋಲ್ಟು ಸ್ವಲ್ಪ ಸಡಿಲ ಇದ್ದ ಹಾಗೆ ನೆನಪು."

ಬೋಲ್ಟು! ನಿಜ ಬಾಯಿಯ ತುದಿಗೆ ಬಂದದ್ದು ಅಲ್ಲೇ ನಿಂತು, ಬೋಲ್ಟಾಗಿ ಹೊರಗೆ ಬಿತ್ತು. ಅಂಥ ಹೊತ್ತಿನಲ್ಲೂ ಹೆಸರಿನ ಆಸೆ ಬಿಡಲಿಲ್ಲವಲ್ಲ ಎಂದು ಆಮೇಲೆ ಎಷ್ಟೋ ದಿನ ಅವನು ತನ್ನನ್ನೇ ಶಪಿಸಿಕೊಂಡ.

ಫಹದ್ ನಕ್ಕ. "ಸಂಜೆ ಬಿಗಿದುಕೊಡು ಮುಹಂದಿಸ್. ನಾವು ತೋಟದ ಮನೆಯಲ್ಲಿದ್ದೇವೆ, ಅರ್ಧ ಗಂಟೆಯಲ್ಲಿ ಹೊರಡುತ್ತೇವೆ. ಅಮ್ಮ ಬಖೂರ್ ಹಿಡಿಯುತ್ತಾರಂತೆ ಗಾಡಿಗೆ." ಫೋನು ಕಟ್ಟಾಯಿತು.

ಬಖೂರ್. ಊದಿನ ಮರದ ಧೂಪ ಅದು. ಹಬ್ಬಕ್ಕೆ, ಮದುವೆಗೆ, ಅತಿಥಿ ಹೊರಡುವಾಗ, ಧೂಪದಾನಿಯಲ್ಲಿ ನಿಗಿನಿಗಿ ಕೆಂಡ ಹಾಕಿ, ಅದರ ಮೇಲೆ ಧೂಪದ ಚೂರು ಇಟ್ಟು ಬಟ್ಟೆಗೆ, ಗಡ್ಡಕ್ಕೆ ಹಿಡಿಯುತ್ತಾರೆ. ಶುಭಕ್ಕೆ ಹೊರಡುವ ಗಾಡಿಗೂ ಹಿಡಿಯುತ್ತಾರೆ. ಕೆಂಡದ ಧೂಪದಾನಿಯನ್ನು ಗಾಡಿಯೊಳಗೆ ಕಾಲಿಡುವ ಜಾಗದಲ್ಲಿಟ್ಟು, ಬಾಗಿಲು ಮುಚ್ಚಿ, ಹೊಗೆ ತುಂಬಲು ಬಿಡುತ್ತಾರೆ.

ಮತ್ತೆ ಫೋನು ಮಾಡಿದ. ಎತ್ತಲಿಲ್ಲ. ಮತ್ತೆ. ಎತ್ತಲಿಲ್ಲ. ಅಷ್ಟರಲ್ಲಿ ಅವನು ತನ್ನ ಗಾಡಿಯೊಳಗಿದ್ದ. ಲುಂಗಿ, ಬನಿಯನ್ನು, ಕಾಲಲ್ಲಿ ಬಾತ್‌ರೂಮಿನ ಚಪ್ಪಲಿ. ಹಿಂದೆ ಅಫ್ರೀದ್ "ಕಾಕ, ಎಂತಾಯ್ತು, ಕಾಕ!" ಎಂದು ಕೂಗುತ್ತಿದ್ದ.

ತೋಟದ ಮನೆಗೆ ಹದಿಮೂರು ಕಿಲೋಮೀಟರ್. ಶುಕ್ರವಾರದ ರಸ್ತೆ ಖಾಲಿ. ಖಾಲಿ ರಸ್ತೆಯಲ್ಲೂ ಎರಡು ಕಡೆ ಕೆಂಪು ದೀಪ ಸಿಕ್ಕಿತು, ಎರಡನ್ನೂ ದಾಟಿ ಹೋದ. ದಾರಿಯುದ್ದಕ್ಕೂ ಬಾಯಿಗೆ ಬಂದ ಪ್ರಾರ್ಥನೆಗಳನ್ನೆಲ್ಲ, ದುಆಗಳನ್ನೆಲ್ಲ ಹೇಳಿದ, ನಡುವೆ ಆ ಮಗುವಿನ ಹೆಸರೂ ದುಆ ಎಂದು ನೆನಪಾಗಿ ಅಳು ಬಂತು. ಯಾ ಅಲ್ಲಾಹ್, ನನ್ನ ಮಾನ ಹೋಗಲಿ, ಇಲ್ಲಿರಲು ಕೊಟ್ಟ ಇಕಾಮಾ ಹೋಗಲಿ, ನಾಳೆಯೇ ಊರಿಗೆ ಅಟ್ಟಲಿ, ಆ ಬಾಗಿಲು ಮಾತ್ರ ತೆರೆದಿರಲಿ.

ಗೇಟು ತೆರೆದಿತ್ತು. ಅಂಗಳದಲ್ಲಿ ಗಾಡಿ ನಿಂತಿತ್ತು, ತೊಳೆದು ಒರೆಸಿ, ಬಿಸಿಲಿಗೆ ಹೊಳೆಯುತ್ತಿತ್ತು. ಬಿಳಿ ನಿಲುವಂಗಿ, ತೋಬು ತೊಟ್ಟ ನೆಂಟರು ಹತ್ತು ಹನ್ನೆರಡು ಜನ ಸುತ್ತ ನಿಂತಿದ್ದರು, ಕೆಲವರ ಕೈಯಲ್ಲಿ ಫೋನು, ವೀಡಿಯೊ ಮಾಡಲು. ಒಳಗೆ ಸೀಟಿನ ಮೇಲೆ ಹಸಿರು ಫ್ರಾಕಿನ ದುಆ ಕಾಲಾಡಿಸುತ್ತ ಕೂತಿದ್ದಳು. ಕಪ್ಪು ಅಬಾಯದ ಮುದುಕಿ, ಫಹದನ ತಾಯಿ ಬತೂಲ್, ಎರಡೂ ಕೈಯಲ್ಲಿ ಧೂಪದಾನಿ ಹಿಡಿದು ಗಾಡಿಯ ತೆರೆದ ಬಾಗಿಲಿನತ್ತ ಮೆಲ್ಲ ಮೆಲ್ಲ ಹೆಜ್ಜೆ ಹಾಕುತ್ತಿದ್ದಳು. ಹೊಗೆ ಅವಳ ಮುಖದ ಮುಂದೆ ಏಳುತ್ತಿತ್ತು.

ಮೊಯ್ದು ಕೂಗಿದ. ಇಪ್ಪತ್ತೆರಡು ವರ್ಷ ಕಲಿತ ಅರಬಿ ಆ ಗಳಿಗೆಗೆ ಒಂದಕ್ಷರ ಬರಲಿಲ್ಲ. ತಾಯಿಯ ಮೊಲೆಹಾಲಿನ ಜೊತೆ ಬಂದ ಬ್ಯಾರಿ ಭಾಷೆಯಲ್ಲೇ ಕೂಗುತ್ತ, ಒಂದು ಚಪ್ಪಲಿ ಕಳೆದುಕೊಂಡು, ಜನರ ನಡುವೆ ನುಗ್ಗಿದ. ಯಾರಿಗೂ ಅರ್ಥವಾಗಲಿಲ್ಲ. ಮುದುಕಿ ಬೆಚ್ಚಿ ನಿಂತಳು. ಅವಳ ಕೈಯಿಂದ ಧೂಪದಾನಿ ಕಿತ್ತುಕೊಂಡು, ಹೊಟ್ಟೆಗೆ ಅವುಚಿಕೊಂಡು, ಹಿಂದೆ ತಿರುಗಿ ಓಡಿದ. ಕೆಂಡ ಬನಿಯನ್ನಿನ ಮೇಲೆ, ಅಂಗೈ ಮೇಲೆ ಬಿತ್ತು. ತೋಟದ ಕಾಲುವೆಯ ಹತ್ತಿರ ಹೋಗಿ ಎಸೆದು, ಬರಿಗೈಯಲ್ಲಿ ಮರಳು ಬಾಚಿ ಬಾಚಿ ಮುಚ್ಚಿದ.

ಎದ್ದು ನೋಡಿದರೆ ಸುತ್ತ ಗಂಡಸರು. ತಾಯಿಯ ವಯಸ್ಸಿನ ಹೆಂಗಸಿನ ಮೈಮೇಲೆ ಹೋದ ಪರದೇಶಿ, ಬನಿಯನ್ನಿನಲ್ಲಿ, ಹಬ್ಬದಂಥ ದಿನ! ಒಬ್ಬ ಅವನ ಕತ್ತು ಹಿಡಿದಿದ್ದ. ಫಹದ್ ಬಂದು ಆ ಕೈ ಬಿಡಿಸಿದ. ಅವನ ಮುಖ ಕಪ್ಪಿಟ್ಟಿತ್ತು.

"ಏನು ಮಾಡಿದೆ ಮುಹಂದಿಸ್? ಹುಚ್ಚು ಹಿಡಿಯಿತೇ?"

"ಪೆಟ್ರೋಲ್, ಉಸ್ತಾದ್. ಟ್ಯಾಂಕಿನ ಮೇಲೆ ಸೋರುತ್ತಿದೆ. ಗಾಡಿ ತುಂಬ ಹಬೆ ಇದೆ. ಮಗುವನ್ನು ಇಳಿಸಿ, ಮೊದಲು ಮಗುವನ್ನು ಇಳಿಸಿ."

ಯಾರೋ ದುಆಳನ್ನು ಎತ್ತಿ ಕೆಳಗಿಳಿಸಿದರು. ಆದರೆ ಫಹದನ ಸಿಟ್ಟು ಇಳಿಯಲಿಲ್ಲ. "ನಿನ್ನೆ ಸಂಜೆ ನೀನೇ ಶುದ್ಧ ಎಂದೆ. ಇವರಿಗೆಲ್ಲ ನಾನು ಅದನ್ನೇ ಹೇಳಿದ್ದೇನೆ. ಈಗ ಎಲ್ಲರೆದುರು ನನ್ನ ತಾಯಿಯ ಮೇಲೆ ಕೈ ಮಾಡಿ ಸೋರುತ್ತಿದೆ ಎನ್ನುತ್ತೀಯ. ಬಾ ಇಲ್ಲಿ." ರಟ್ಟೆ ಹಿಡಿದು ಗಾಡಿಯ ಹತ್ತಿರ ಎಳೆದು ತಂದ. "ತಲೆ ಒಳಗೆ ಹಾಕು. ಮೂಸಿ ಹೇಳು. ನಿನ್ನ ಮೂಗು ಹೇಳಿದರೆ ನಾನು ನಂಬುತ್ತೇನೆ."

ಮೊಯ್ದು ಕ್ಯಾಬಿನ್ನಿನೊಳಗೆ ತಲೆ ಹಾಕಿದ. ಹೊಸ ಸೀಟು, ಹೊಳೆಯುವ ಸ್ಟಿಯರಿಂಗು, ಸೀಟಿನ ಹಿಂದೆ ಅವನೇ ಬಣ್ಣ ಬಳಿದ ಟ್ಯಾಂಕು. ಉಸಿರೆಳೆದ. ಏನೂ ಇಲ್ಲ. ಹೌದು, ಬರುತ್ತಿದೆ ಎಂದುಬಿಡಬಹುದಿತ್ತು. ಗ್ಯಾಸ್ಕೆಟ್ ಬದಲಿಸಿ, ಹೆಸರು ಉಳಿಸಿಕೊಂಡು, ನಿನ್ನೆ ರಾತ್ರಿ ಕಾರ್ಕು ಒಡೆದಿರಬೇಕು ಎಂದು ಹೇಳಿ ದಾಟಿಕೊಳ್ಳಬಹುದಿತ್ತು. ಎಲ್ಲ ಒಪ್ಪುತ್ತಿದ್ದರು, ಬೇಕಾದರೆ ಮಗುವಿನ ಜೀವ ಉಳಿಸಿದವನೆಂದು ಹೆಗಲ ಮೇಲೂ ಹೊರುತ್ತಿದ್ದರು. ಆ ಯೋಚನೆ ಬಂದದ್ದೇ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು.

ತಲೆ ಹೊರಗೆ ತೆಗೆದ.

"ನನಗೆ ಬರುವುದಿಲ್ಲ, ಉಸ್ತಾದ್."

"ಏನು ಬರುವುದಿಲ್ಲ?"

"ವಾಸನೆ. ಯಾವ ವಾಸನೆಯೂ ಬರುವುದಿಲ್ಲ. ನನ್ನ ಮೂಗು ಸತ್ತು ಮೂರು ವರ್ಷ ಆಯಿತು. ನಿನ್ನೆ ನಿಮ್ಮ ಎದುರು ಮಾಡಿದ್ದು ನಾಟಕ."

ಆಗ ದುಆ ತಂದೆಯ ತೋಬಿನ ತುದಿ ಹಿಡಿದು ಎಳೆದಳು.

"ಬಾಬಾ, ನಾನು ಹೇಳಿದ್ದೆನಲ್ಲ. ಪೆಟ್ರೋಲ್ ಬಂಕಿನ ವಾಸನೆ ಬರ್ತದೆ ಅಂತ. ನೀವು ಅಲ್ಲ ಅಂದ್ರಿ."

ಫಹದ್ ಮಗಳನ್ನು ನೋಡಿದ. ಗಾಡಿಯನ್ನು ನೋಡಿದ. ಆಮೇಲೆ ನಿಂತಲ್ಲೇ ಮಂಡಿಯೂರಿ ಮರಳಿನ ಮೇಲೆ ಕೂತುಬಿಟ್ಟ. ಸಿಟ್ಟೆಲ್ಲ ಎಲ್ಲಿಗೆ ಹೋಯಿತೋ, ಅವನ ದನಿ ಮಗುವಿನ ದನಿಯಾಗಿತ್ತು.

"ನನಗೂ ಬಂದಿತ್ತು. ನಿನ್ನೆ ಸಂಜೆ ಬಾಗಿಲು ತೆಗೆದ ಕೂಡಲೇ ಬಂತು. ನಾನು ಚಿಕ್ಕವನಿದ್ದಾಗ ಈ ಗಾಡಿಯಲ್ಲಿ ಯಾವಾಗಲೂ ಅದೇ ವಾಸನೆ. ಅಪ್ಪ ಮನೆಗೆ ಬಂದರೆ ಅವರ ಬಟ್ಟೆಯಲ್ಲೂ ಅದೇ. ಮೊಯ್ದು ಶುದ್ಧ ಎಂದಿದ್ದಾನೆ, ಆದ್ದರಿಂದ ಇದು ಪೆಟ್ರೋಲ್ ಅಲ್ಲ, ಅಪ್ಪನೇ ಎಂದುಕೊಂಡೆ. ಕಿಟಕಿ ಏರಿಸಿಕೊಂಡು ಅರ್ಧ ಗಂಟೆ ಒಳಗೇ ಕೂತಿದ್ದೆ. ಇವಳಿಗೂ ಹೇಳಿದೆ, ಇದು ನಿನ್ನ ಅಜ್ಜನ ವಾಸನೆ, ಚೆನ್ನಾಗಿ ಎಳೆದುಕೋ ಅಂತ."

ಬತೂಲ್ ಮೊಮ್ಮಗಳನ್ನು ಎಳೆದು ಅಬಾಯದೊಳಗೆ ಅವುಚಿಕೊಂಡಳು. ಮೊಯ್ದುವಿಗೆ ಅಂಗೈಯ ಉರಿ ಆಗ ಗೊತ್ತಾಯಿತು, ಚರ್ಮ ಎದ್ದಿತ್ತು. ಅದು ಉರಿಯಲಿ ಎಂದುಕೊಂಡ. ಕ್ಷಮಿಸಿ ಎಂಬ ಮಾತು ಇಷ್ಟು ದೊಡ್ಡದಕ್ಕೆ ಸಾಲುವುದಿಲ್ಲ ಅನ್ನಿಸಿತು. ತನಗೆ ಮೂಗಿಲ್ಲದ್ದು ಒಂದು ತಪ್ಪಾದರೆ, ಮೂಗಿದ್ದವರೆಲ್ಲ ತಮ್ಮ ಮೂಗು ಬಿಟ್ಟು ತನ್ನನ್ನು ನಂಬುವ ಹಾಗೆ ಮಾಡಿದ್ದು ಅದಕ್ಕಿಂತ ದೊಡ್ಡ ತಪ್ಪು.

ಫಹದ್ ತಲೆ ಎತ್ತಿದ. "ಇನ್ನು ಯಾರ ಗಾಡಿ?"

"ಉಸ್ತಾದ್?"

"ಮೂರು ವರ್ಷ ಎಂದೆ. ಹೀಗೆ ಕೊಟ್ಟು ಕಳಿಸಿದ ಗಾಡಿ ಇನ್ನು ಯಾವುದು?"

ಮೊಯ್ದು ಕಣ್ಣು ಮುಚ್ಚಿ ನೆನಪು ಮಾಡಿಕೊಂಡ. ಅಫ್ರೀದ್ ಇದ್ದಾಗ ಕೊಟ್ಟದ್ದು ಬಿಟ್ಟರೆ, ಅವನು ಎರಡು ವರ್ಷದ ಹಿಂದೆ ಒಮ್ಮೆ ರಜೆಗೆ ಹೋಗಿದ್ದಾಗ ಕೊಟ್ಟದ್ದು, ಆಮೇಲೆ ಅವನು ಜ್ವರದಲ್ಲಿ ಮಲಗಿದ್ದಾಗ ಕೊಟ್ಟದ್ದು. "ನಾಲ್ಕು" ಎಂದ. "ಮೂರು ಇದೇ ಊರಲ್ಲಿವೆ. ಒಂದು ತಬೂಕ್‌ನಲ್ಲಿ. ಅಬ್ದುಲ್ ಬಾರಿ ಅಂತ, ಎಂಟು ಜನ ಕೂರುವ ಗಾಡಿ. ಆರು ಮಕ್ಕಳು ಅವರಿಗೆ."

"ಈಗಲೇ ಫೋನು ಮಾಡು. ನನ್ನ ಎದುರು."

ಸುಟ್ಟ ಕೈಯಲ್ಲಿ ನಂಬರು ಒತ್ತಲಾಗಲಿಲ್ಲ. ಫಹದನೇ ಫೋನು ಇಸಿದುಕೊಂಡು ಒತ್ತಿ, ಸ್ಪೀಕರ್ ಹಾಕಿ ಅವನ ಬಾಯಿಯ ಹತ್ತಿರ ಹಿಡಿದ. ನಾಲ್ಕು ಸಲ ಬೆಲ್ಲಾಗಿ ಅಬ್ದುಲ್ ಬಾರಿ ಎತ್ತಿದ. ಗಾಡಿಯ ಸದ್ದು, ಒಳಗೆ ಮಕ್ಕಳ ಕಿರುಚಾಟ.

"ಓ ಮೊಯ್ದು! ಬಹಳ ದಿನವಾಯಿತು! ಹೇಳು ಹೇಳು, ದಾರಿಯಲ್ಲಿದ್ದೇನೆ, ನೆಂಟರ ಮನೆಗೆ ಹೊರಟಿದ್ದೇವೆ."

"ಗಾಡಿ ನಿಲ್ಲಿಸಿ. ಬದಿಗೆ ಹಾಕಿ, ಇಂಜಿನ್ ಆಫ್ ಮಾಡಿ."

"ಯಾಕೆ, ಏನಾಯಿತು?"

"ಮೊದಲು ಮಕ್ಕಳನ್ನು ಇಳಿಸಿ. ದೂರ ನಿಲ್ಲಿಸಿ. ಆಮೇಲೆ ಹೇಳುತ್ತೇನೆ. ಅಲ್ಲಾಹನ ಮೇಲಾಣೆ, ಇಳಿಸಿ."

ಟೈರು ಜಲ್ಲಿಯ ಮೇಲೆ ಉಜ್ಜಿದ ಸದ್ದು. ಇಂಜಿನ್ ನಿಂತಿತು. ಒಂದು ಬಾಗಿಲು ತೆರೆಯಿತು, ಇನ್ನೊಂದು ತೆರೆಯಿತು. ಯಾಕೆ ಇಳಿಯಬೇಕು ಎಂದು ಒಂದು ಮಗು ಕೇಳುತ್ತಿತ್ತು, ಇನ್ನೊಂದು ಅಳುತ್ತಿತ್ತು. ಮೊಯ್ದು ಒಂದೊಂದು ದನಿಯನ್ನೂ ಎಣಿಸಿದ. ಐದು ಆಯಿತು. ಆರನೆಯದು ಕೇಳುವವರೆಗೆ ಅವನು ಉಸಿರಾಡಲಿಲ್ಲ.

"ಎಲ್ಲ ಇಳಿದರು" ಎಂದ ಅಬ್ದುಲ್ ಬಾರಿ. "ಈಗ ಹೇಳು."

ಮೊಯ್ದು ಹೇಳಿದ. ಈ ಸಲ ಬೋಲ್ಟು ಎನ್ನಲಿಲ್ಲ. ಮೂಗಿನ ವಿಷಯ, ಬೈರಾಸಿನ ನಾಟಕ, ಎಲ್ಲ ಹೇಳಿದ. ಬೈಗುಳಕ್ಕೆ ಮೈಯೊಡ್ಡಿ ಕಾದ. ಬೈಗುಳ ಬರಲಿಲ್ಲ. ಅಬ್ದುಲ್ ಬಾರಿಯ ದನಿ ಕೇಳಿತು, ಆದರೆ ಅವನು ಮಾತಾಡಿದ್ದು ಮೊಯ್ದುವಿನ ಜೊತೆ ಅಲ್ಲ; ಫೋನನ್ನು ಬಾಯಿಯಿಂದ ದೂರ ಹಿಡಿದು, ರಸ್ತೆ ಬದಿಯಲ್ಲಿ ಮಕ್ಕಳ ಜೊತೆ ನಿಂತಿದ್ದ ಹೆಂಡತಿಗೆ ಹೇಳುತ್ತಿದ್ದ.

"ವಾಸನೆ ಬರುತ್ತದೆ ಎಂದು ನೀನು ಎರಡು ವರ್ಷದಿಂದ ಹೇಳಿದ್ದೇ ನಿಜವಂತೆ. ಮೊಯ್ದುವಿಗಿಂತ ನಿನಗೆ ಹೆಚ್ಚು ಗೊತ್ತೇ ಎಂದು ನಾನು ಬೈಯುತ್ತಿದ್ದೆ."

ಆ ಹೆಂಗಸು ಏನೆಂದಳೋ ಕೇಳಿಸಲಿಲ್ಲ. ಫಹದ್ ಫೋನು ಇಳಿಸಿ, ಮುಂದಿನ ಹೆಸರಿಗಾಗಿ ಮೊಯ್ದುವಿನ ಮುಖ ನೋಡಿದ. ಮೊಯ್ದು ಎರಡನೆಯವನ ಹೆಸರು ಹೇಳಿದ.